ಗೌರಿ ತೊಟ್ಟಿಗೆ ಮೂತಿ ಇಟ್ಟಳು: ಕೊಟ್ಟಿಗೆ ಅರ್ಥಿಂಗ್, ಮೂರನೇ ವಾರ

ಸಿಕ್ಕಿತು! ನಮ್ಮ ಹಸು ಗೌರಿಯ ನೀರಿನ ತೊಟ್ಟಿಯಲ್ಲಿ ಮೂರು ವಾರ ಕಾಡಿದ ವೋಲ್ಟೇಜ್ ಎಲ್ಲಿಂದ ಬರುತ್ತಿತ್ತು ಅಂತ ಮೊನ್ನೆ ಸಂಜೆ ಗೊತ್ತಾಯಿತು.

ಅರ್ಥಿಂಗ್‌ಗೆ ಹೊಸ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದ್ದು ನಿಮಗೆ ಗೊತ್ತಿರುವ ಕೆಲಸವೇ, ಬಿಡಿ. ಅದರೊಳಗೆ ಹೊಡೆಯುವ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪನ್ನು ಮಾತ್ರ ತೂಕ ನೋಡಿ ತನ್ನಿ. ಅಂಗಡಿಯವರು 'ಹೆವಿ' ಅಂತ ಕೊಟ್ಟಿದ್ದು ನಾಲ್ಕನೇ ಏಟಿಗೇ ಬಾಯಿ ಮಡಚಿಕೊಂಡಿತು.

ಸಂಜೆಯಾದರೆ ಗೌರಿ ಕಬ್ಬಿಣದ ತೊಟ್ಟಿಗೆ ಮೂತಿ ತಾಗಿಸಿ ತಟ್ಟನೆ ಹಿಂದೆ ಸರಿಯುತ್ತಿದ್ದಳು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟರೆ ಗಟಗಟ ಕುಡಿಯುತ್ತಿದ್ದಳು. ಚಪ್ಪಲಿ ಹಾಕಿಕೊಂಡು ಮುಟ್ಟುವ ನಮಗೆ ಏನೂ ಅನ್ನಿಸದು. ಅವಳದು ಒದ್ದೆ ಮೂತಿ, ಒದ್ದೆ ನೆಲದ ಮೇಲೆ ನಾಲ್ಕು ಗೊರಸು. ಕರೆಂಟಿಗೆ ಹಸುವಿನ ಮೈ ಒಡ್ಡುವ ತಡೆಯನ್ನು ಲೆಕ್ಕಕ್ಕೆ 500 ಓಮ್ ಅಂತ ಹಿಡಿಯುತ್ತಾರೆ.

ತೊಟ್ಟಿಗೂ ನೆಲದ ಮೇಲಿಟ್ಟ ತಾಮ್ರದ ತಟ್ಟೆಗೂ ನಡುವೆ 4.1 ವೋಲ್ಟ್ ಬಂತು. ಡಿಜಿಟಲ್ ಮೀಟರ್ ಸುಮ್ನೆ ಇಲ್ಲದ ವೋಲ್ಟೇಜನ್ನೂ ತೋರಿಸುತ್ತೆ ಅಲ್ವಾ, ಅದಕ್ಕೇ ಹಸುವಿನ ಮೈಯ ಬದಲಿಗೆ ಅಂತ ಅಡ್ಡಲಾಗಿ 470 ಓಮ್ ರೆಸಿಸ್ಟರ್ ಹಾಕಿದೆ. ಆಗಲೂ 2.6 ವೋಲ್ಟ್. ಅಂದರೆ ಹರಿಯುವ ಕರೆಂಟು 5 ಮಿಲಿಆಂಪಿಗಿಂತ ಜಾಸ್ತಿ. ಮೇನ್ ಆಫ್ ಮಾಡಿದೆ. ಆದರೂ ವೋಲ್ಟೇಜ್ ಅಷ್ಟೇ ಇತ್ತು! ತಲೆ ಕೆಟ್ಟಿದ್ದು ಇಲ್ಲೇ.

ಮೊನ್ನೆ ಬೋರ್ಡ್ ಪೂರ್ತಿ ಬಿಚ್ಚಿದೆ. ಫ್ಯೂಸಿನ ಹಿಂದೆ, ಜೇಡರ ಬಲೆಯೊಳಗೆ, ನ್ಯೂಟ್ರಲ್‌ನಿಂದ ಅರ್ಥಿಗೆ ಗೇಣುದ್ದದ ಒಂದು ವೈರ್! ಯಾವತ್ತೋ ಬಲ್ಬು ಮಂಕಾದಾಗ ಯಾರೋ ಹಾಕಿದ್ದು. ನಮ್ಮ ಹಳೇ ಮೇನ್ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಯಾವಾಗಲೂ ಲೈನಿಗೆ ಸೇರಿಕೊಂಡೇ ಇರುತ್ತದೆ. ಸಂಜೆ ಊರಿನವರೆಲ್ಲ ದೀಪ, ಟಿವಿ ಹಾಕಿದಾಗ ಮೂರು ಫೇಸಿನ ಲೋಡ್ ಏರುಪೇರಾಗುತ್ತದೆ. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ದೂರದ ನಮ್ಮಲ್ಲಿ ನ್ಯೂಟ್ರಲ್ ವೋಲ್ಟೇಜ್ ಏರುತ್ತದೆ. ಅದು ಆ ವೈರ್ ಹಿಡಿದು ಮೋಟರ್ ಬಾಡಿಗೆ, ಪೈಪಿಗೆ, ತೊಟ್ಟಿಗೆ ಬರುತ್ತಿತ್ತು. ಕಂಬದಲ್ಲಿ ನ್ಯೂಟ್ರಲ್ ಕಡಿದುಹೋಗಿದ್ದರೆ ಬರುತ್ತಿದ್ದದ್ದು ಪ್ರಾಣ ತೆಗೆಯುವ ಕರೆಂಟು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ನಿಮ್ಮ ಬೋರ್ಡನ್ನೂ ದಯವಿಟ್ಟು ನೋಡಿಸಿ.

ಅಂದಹಾಗೆ, ಮುಂದಿನ ಕೆಲಸ ತಲೆಯಲ್ಲಿ ಓಡುತ್ತಿದೆ. ಇಎಸ್‌ಪಿ32 ಅನ್ನೋ ಪುಟ್ಟ ವೈಫೈ ಬೋರ್ಡ್ ಇಟ್ಟು ನಿಮಿಷಕ್ಕೊಮ್ಮೆ ನ್ಯೂಟ್ರಲ್-ಅರ್ಥ್ ವೋಲ್ಟೇಜ್ ಬರೆದಿಡಬೇಕು. ಕೊಟ್ಟಿಗೆ ನೆಲ ಹೊಸದಾಗಿ ಹಾಕಿಸುವಾಗ ಕೆಳಗೆ ವೆಲ್ಡ್ ಮೆಶ್ (ಕಬ್ಬಿಣದ ಜಾಲರಿ) ಹಾಸಿ ತೊಟ್ಟಿಗೆ ಜೋಡಿಸಬೇಕು. ಆಗ ಮೂತಿಗೂ ಗೊರಸಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಹೆಚ್ಚುಕಡಿಮೆ ಇರಲ್ಲ.

ನಿನ್ನೆ ಲೈನ್‌ಮನ್ ಅಣ್ಣ ಬಂದು ಕಂಬದಲ್ಲೇ ಕರೆಂಟ್ ಬಿಡಿಸಿದರು. ನ್ಯೂಟ್ರಲ್-ಅರ್ಥ್ ನಡುವಿನ ಆ ವೈರ್ ಕತ್ತರಿಸಿದೆವು. ಸಂಜೆ ಮೀಟರ್ ಇಟ್ಟರೆ 0.1 ವೋಲ್ಟ್. ಗೌರಿ ಮೊದಲು ಮೂಸಿದಳು. ನಾಲಿಗೆ ತುದಿ ತಾಗಿಸಿ ಕಿವಿ ಹಿಂದಕ್ಕೆಳೆದು ನಿಂತಳು. ಆಮೇಲೆ ಮೂಗಿನ ಹೊಳ್ಳೆವರೆಗೂ ಮುಳುಗಿಸಿ ಕುಡಿದಳು.

ಪದೇ ಪದೇ ಟ್ರಿಪ್ ಆಗುತ್ತೆ ಅಂತ ಹೋದ ವರ್ಷ ತೆಗೆದಿಟ್ಟಿದ್ದ 30 ಮಿಲಿಆಂಪಿನ ಆರ್‌ಸಿಸಿಬಿಯನ್ನು (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಮತ್ತೆ ಕೂರಿಸಿದ್ದೇನೆ. ಟೆಸ್ಟ್ ಬಟನ್ ಒತ್ತಿದಾಗ ಬಿಟ್ಟರೆ ಇನ್ನೂ ಒಮ್ಮೆಯೂ ಬಿದ್ದಿಲ್ಲ.