13 ಇಂಚಿನ ಲ್ಯಾಪ್‌ಟಾಪ್ ಪರೀಕ್ಷೆ: ಇಲ್ಲಿವರೆಗಿನ ಲೆಕ್ಕ

ದಿನ 1: ತೂಕ

ಡಬ್ಬಿಯ ಮೇಲೆ ಅಚ್ಚಾಗಿರುವುದು ಬರೀ ಲ್ಯಾಪ್‌ಟಾಪಿನ ತೂಕ. ಬ್ಯಾಗಿಗೆ ಬೀಳುವುದು ಅದರ ಜೊತೆ ಚಾರ್ಜರ್, ಕೇಬಲ್, ಪೋರ್ಟ್ ಸಾಲದ್ದರಿಂದ ಒಂದು ಹಬ್. ಡಿಜಿಟಲ್ ತಕ್ಕಡಿಯಲ್ಲಿ ಲ್ಯಾಪ್‌ಟಾಪ್ 1,190 ಗ್ರಾಂ, ಚಾರ್ಜರ್ ಮತ್ತು ಕೇಬಲ್ 305, ಹಬ್ 70. ಒಟ್ಟು 1,565. ಜೊತೆಗೆ ಬಂದ ಚಾರ್ಜರ್ ಬದಲು 65 ವ್ಯಾಟ್‌ನ ಸಣ್ಣ ಗ್ಯಾನ್ (ಗ್ಯಾಲಿಯಂ ನೈಟ್ರೈಡ್) ಚಾರ್ಜರ್ ಇಟ್ಟರೆ ಕೇಬಲ್ ಸೇರಿ 150 ಗ್ರಾಂ. ಅಲ್ಲೇ 155 ಗ್ರಾಂ ಉಳಿಯಿತು.

ಎಡವುವುದು ಕೇಬಲಿನಲ್ಲಿ. 3 ಆ್ಯಂಪ್‌ನ ಟೈಪ್-ಸಿ ಕೇಬಲ್ 20 ವೋಲ್ಟ್‌ನಲ್ಲಿ 60 ವ್ಯಾಟ್‌ಗಿಂತ ಹೆಚ್ಚು ಹರಿಸುವುದಿಲ್ಲ. 65 ಪೂರ್ತಿ ಬೇಕಾದರೆ ತನ್ನ ಸಾಮರ್ಥ್ಯವನ್ನು ಚಾರ್ಜರಿಗೆ ತಿಳಿಸುವ ಇ-ಮಾರ್ಕರ್ ಚಿಪ್ ಇರುವ 5 ಆ್ಯಂಪ್ ಕೇಬಲ್ಲೇ ಬೇಕು. ಫೋನಿನ ಕೇಬಲ್ ಸಿಕ್ಕಿಸಿಕೊಂಡು ‘ನಿಧಾನ ಚಾರ್ಜ್ ಆಗುತ್ತಿದೆ’ ಎಂದು ಲ್ಯಾಪ್‌ಟಾಪನ್ನು ಬೈದು ಪ್ರಯೋಜನವಿಲ್ಲ.

ದಪ್ಪ ಅಳೆಯುವಾಗ ತಳದ ರಬ್ಬರ್ ಕಾಲುಗಳನ್ನೂ ಸೇರಿಸಿ. ಜಾಹೀರಾತಿನ ಅಂಕಿ ಬಹುಪಾಲು ಅತಿ ತೆಳುವಾದ ಅಂಚಿನದು.

ದಿನ 3: ವೇಗ

ವೇಗ ಪರೀಕ್ಷೆಯ ಮೊದಲ ಎರಡು ಓಟಗಳ ಅಂಕಿ ಬಿಸಾಡಬೇಕಾಯಿತು. ಹೊಸ ಯಂತ್ರದಲ್ಲಿ ವಿಂಡೋಸ್ ಅಪ್‌ಡೇಟ್, ಫೈಲ್ ಇಂಡೆಕ್ಸಿಂಗ್ ಎರಡೂ ಹಿಂದೆ ನಡೆಯುತ್ತಲೇ ಇರುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಬಳಕೆ ಶೇ 3ಕ್ಕಿಂತ ಕೆಳಗೆ ನಿಂತ ಮೇಲೆ ಮತ್ತೆ ಶುರು.

ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23, ಮಲ್ಟಿ ಕೋರ್ (ಎಲ್ಲ ಕೋರ್‌ಗಳೂ ಒಟ್ಟಿಗೆ), 10 ನಿಮಿಷ ಮತ್ತೆ ಮತ್ತೆ, ಚಾರ್ಜರ್ ಹಾಕಿ, ಪವರ್ ಮೋಡ್ ‘ಬೆಸ್ಟ್ ಪರ್ಫಾರ್ಮೆನ್ಸ್’. ಜೊತೆಗೆ ಸೆನ್ಸರ್‌ಗಳನ್ನು ಓದುವ ಎಚ್‌ಡಬ್ಲ್ಯು ಇನ್ಫೋದಲ್ಲಿ 2 ಸೆಕೆಂಡಿಗೊಮ್ಮೆ ವ್ಯಾಟ್, ಕ್ಲಾಕ್ (ಪ್ರೊಸೆಸರ್ ಓಡುವ ವೇಗ), ತಾಪಮಾನದ ಲಾಗ್. ಮೊದಲ 28 ಸೆಕೆಂಡು 30 ವ್ಯಾಟ್, 3.4 ಗಿಗಾಹರ್ಟ್ಸ್. ಆಮೇಲೆ ಒಮ್ಮೆಲೇ 17 ವ್ಯಾಟ್, 2.6 ಗಿಗಾಹರ್ಟ್ಸ್, ಕೊನೆಯವರೆಗೂ ಅಷ್ಟೇ. ಇದು ದೋಷವಲ್ಲ. ಪಿಎಲ್2 ಎಂಬ ಅಲ್ಪಕಾಲದ ಮಿತಿ ಮುಗಿದು ಪಿಎಲ್1 ಎಂಬ ದೀರ್ಘಕಾಲದ ಮಿತಿ ಜಾರಿಗೆ ಬಂದಿದೆ. ಒಂದೇ ಫ್ಯಾನ್, ಒಂದೇ ಹೀಟ್ ಪೈಪ್ ಇರುವ ಇಷ್ಟು ತೆಳ್ಳಗಿನ ಮೈ ಹೊರಹಾಕಬಲ್ಲ ಶಾಖ ಅಷ್ಟೇ.

ಗಮನಿಸಬೇಕಾದ್ದು ಎರಡು. ವಿದ್ಯುತ್ ಶೇ 43 ಇಳಿದರೂ ಕ್ಲಾಕ್ ಇಳಿದದ್ದು ಶೇ 24 ಮಾತ್ರ. ಕ್ಲಾಕ್ ಏರಿಸಲು ವೋಲ್ಟೇಜನ್ನೂ ಏರಿಸಬೇಕು, ವೋಲ್ಟೇಜ್ ಏರಿದಷ್ಟೂ ವ್ಯಾಟ್ ಅದರ ವರ್ಗದಂತೆ ಬೆಳೆಯುತ್ತದೆ. ಎರಡನೆಯದು, ಮೊದಲ ಓಟದ ಸ್ಕೋರ್ 7,850, ಕೊನೆಯದು 7,100: ಬರೀ ಶೇ 10ರಷ್ಟು ವ್ಯತ್ಯಾಸ. ಒಂದು ಓಟಕ್ಕೆ ನಿಮಿಷಕ್ಕೂ ಹೆಚ್ಚು ಹಿಡಿಯುವುದರಿಂದ ಮೊದಲ ಸ್ಕೋರಿನಲ್ಲೇ ಇಳಿತ ಬೆರೆತುಹೋಗಿದೆ. ಸ್ಕೋರ್ ಒಂದನ್ನೇ ನೋಡಿದರೆ ಈ ಕುಸಿತ ಕಾಣುವುದೇ ಇಲ್ಲ, ಲಾಗ್ ಬೇಕು. ಕೋಣೆಯ ತಾಪಮಾನವನ್ನೂ ಬರೆದಿಡಿ. ಇಲ್ಲದಿದ್ದರೆ ಬೇರೆ ದಿನದ ಅಂಕಿಯ ಜೊತೆ ಹೋಲಿಸಲಾಗದು. ದಿಂಬಿನ ಮೇಲಂತೂ ಇಡಲೇಬೇಡಿ, ಗಾಳಿ ಎಳೆಯುವ ಕಿಂಡಿ ತಳದಲ್ಲಿದೆ.

ಬ್ರೌಸರ್, ಸ್ಪ್ರೆಡ್‌ಶೀಟ್, ಸಣ್ಣಪುಟ್ಟ ಕೋಡ್‌ಗೆ ಈ ಇಳಿತದಿಂದ ತೊಂದರೆಯಿಲ್ಲ. ಅರ್ಧ ಗಂಟೆಯ ವಿಡಿಯೊ ಎಕ್ಸ್‌ಪೋರ್ಟ್ ಮಾಡುವವರು 17 ವ್ಯಾಟ್‌ನ ವೇಗವನ್ನೇ ಈ ಯಂತ್ರದ ವೇಗ ಎಂದುಕೊಳ್ಳಬೇಕು.

ದಿನ 4: ರ‍್ಯಾಮ್, ಎಸ್‌ಎಸ್‌ಡಿ

ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಒಳಗಿನ ಗ್ರಾಫಿಕ್ಸ್ ಕೂಡ ಇದರಲ್ಲೇ ಪಾಲು ಪಡೆಯುತ್ತದೆ, ಹಾಗಾಗಿ 8 ಜಿಬಿ ಮಾಡೆಲ್ ಬೇಡ.

ಡ್ರೈವ್ ವೇಗ ಅಳೆಯುವ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನ ಮಾಮೂಲಿ 1 ಜಿಬಿ ಫೈಲ್ ಎಸ್‌ಎಲ್‌ಸಿ ಕ್ಯಾಶ್ ಎಂಬ, ಬೇಗ ಬರೆಯಬಲ್ಲ ಭಾಗದಲ್ಲೇ ಹಿಡಿದುಬಿಡುತ್ತದೆ. ಅಂಕಿ ಚೆಂದ, ಉಪಯೋಗ ಕಡಿಮೆ. ವೇಗದ ಹೊರಗಿನ ಡ್ರೈವ್‌ನಿಂದ 100 ಜಿಬಿ ಕಾಪಿ ಮಾಡಿ ನೋಡಿದಾಗ ಕ್ಯಾಶ್ ತುಂಬಿದ ಮೇಲಿನ ನಿಜವಾದ ಬರೆಯುವ ವೇಗ ಗೊತ್ತಾಗುತ್ತದೆ. ಡ್ರೈವ್ ಮುಕ್ಕಾಲು ತುಂಬಿದ್ದಾಗ ಇದನ್ನೇ ಇನ್ನೊಮ್ಮೆ ಮಾಡಬೇಕು, ಖಾಲಿ ಜಾಗ ಕಡಿಮೆಯಾದಷ್ಟೂ ಕ್ಯಾಶ್ ಕುಗ್ಗುತ್ತದೆ.

ದಿನ 6: ಬ್ಯಾಟರಿ

ವಿಂಡೋಸ್‌ನ ಪವರ್‌ಸಿಎಫ್‌ಜಿ ಕಮಾಂಡಿನ ಬ್ಯಾಟರಿ ರಿಪೋರ್ಟ್ ಪ್ರಕಾರ ಫುಲ್ ಚಾರ್ಜ್ ಸಾಮರ್ಥ್ಯ 52 ವ್ಯಾಟ್-ಅವರ್. ಪರದೆಯ ಬೆಳಕು 200 ನಿಟ್, ವೈ-ಫೈ ಆನ್. ಬರವಣಿಗೆ, ಬ್ರೌಸಿಂಗ್‌ಗೆ ಸರಾಸರಿ 5.5 ವ್ಯಾಟ್: ಒಂಬತ್ತೂವರೆ ಗಂಟೆಗೆ ಹತ್ತಿರ. ವಿಡಿಯೊ ಕಾಲ್‌ಗೆ 11 ವ್ಯಾಟ್: ಐದು ಗಂಟೆಯೂ ಇಲ್ಲ. ಲೆಕ್ಕವನ್ನು ಶೇಕಡಾದಲ್ಲಿ ಮಾಡಬೇಡಿ. ಮೊದಲ ಶೇ 10 ನಿಧಾನ ಇಳಿದು ಕೊನೆಗೆ ದಡಬಡ ಇಳಿಯುವುದುಂಟು. ಶೇ 90ರಿಂದ 20ಕ್ಕೆ ಇಳಿಯುವವರೆಗೆ ಎಷ್ಟು ಮಿಲಿವ್ಯಾಟ್-ಅವರ್ ಖರ್ಚಾಯಿತು ಎಂದು ನೋಡಿ, ಗಂಟೆಗಳಿಂದ ಭಾಗಿಸಿ.

ಮುಚ್ಚಿಟ್ಟ 8 ಗಂಟೆಯಲ್ಲಿ ಶೇ 4 ಹೋಯಿತು, ಅಂದರೆ ಸುಮಾರು ಕಾಲು ವ್ಯಾಟ್, ಒಪ್ಪಬಹುದು. ಆದರೆ ಮಾಡರ್ನ್ ಸ್ಟ್ಯಾಂಡ್‌ಬೈ (ನಿದ್ದೆಯಲ್ಲೂ ಅರೆ ಎಚ್ಚರವಿರುವ ಸ್ಥಿತಿ) ಇರುವ ಯಂತ್ರ ಬ್ಯಾಗಿನೊಳಗೇ ಎಚ್ಚರವಾಗಿ ಬಿಸಿಯಾಗುವ ಅಪಾಯವಿದೆ. ಮುಚ್ಚಳ ಮುಚ್ಚಿದರೆ ಸ್ಲೀಪ್ ಬದಲು ಹೈಬರ್ನೇಟ್ (ತೆರೆದ ಕೆಲಸವನ್ನು ಎಸ್‌ಎಸ್‌ಡಿಯಲ್ಲಿ ಉಳಿಸಿ ಆಫ್) ಆಗುವಂತೆ ಸೆಟ್ ಮಾಡಲಾಗಿದೆ. ತೆರೆದಾಗ ಕೆಲವು ಸೆಕೆಂಡು ಕಾಯಬೇಕು, ಅಷ್ಟೇ.

ಬಾಕಿ: ಪಿಎಲ್1 ಅನ್ನು 12 ವ್ಯಾಟ್‌ಗೆ ಇಳಿಸಿ ಅದೇ 10 ನಿಮಿಷದ ಓಟ. ಫ್ಯಾನ್ ಸದ್ದು ಎಷ್ಟು ತಗ್ಗುತ್ತದೆ, ಅದಕ್ಕೆ ಎಷ್ಟು ಸ್ಕೋರ್ ತೆರಬೇಕು ಎಂಬುದನ್ನು ಅಲ್ಲಿ ನೋಡಬೇಕು.