ಮೊದಲು ಹೆಡ್‌ಫೋನ್, ಆಮೇಲೆ ಫೋನ್

ಸಂಗೀತ ಕೇಳಲು ಯಾವ ಫೋನ್ ಕೊಳ್ಳಬೇಕೆಂದು ವಿಚಾರಿಸುವ ಸ್ನೇಹಿತರನ್ನು ನಾನು ಮೊದಲು ಕೇಳುವುದು, ಕಿವಿಗೆ ಏನನ್ನು ಹಾಕಿಕೊಳ್ಳುತ್ತೀರಿ ಎಂದು. ಡಿಜಿಟಲ್ ಅಂಕಿಗಳನ್ನು ವಿದ್ಯುತ್ ಅಲೆಗಳನ್ನಾಗಿ ಬದಲಿಸುವ ಡ್ಯಾಕ್ ಎಂಬ ಚಿಪ್ ಇಂದು ಸಾಧಾರಣ ಬೆಲೆಯ ಫೋನ್‌ಗಳಲ್ಲೂ ಎಷ್ಟು ಸುಧಾರಿಸಿದೆಯೆಂದರೆ, ಅದರಲ್ಲಿ ಉಳಿದಿರುವ ದೋಷಗಳು ಕಿವಿಗೆ ಸಿಗುವುದು ಕಷ್ಟ. ಆ ಅಲೆಗಳಿಗೆ ತಕ್ಕಂತೆ ತೆಳುವಾದ ಪೊರೆಯೊಂದು ಅಲುಗಿ ಗಾಳಿಯನ್ನು ಕಂಪಿಸಬೇಕಾದ ಹೆಡ್‌ಫೋನಿನ ಕೆಲಸ ಹಾಗಲ್ಲ. ಎರಡು ಹೆಡ್‌ಫೋನ್‌ಗಳ ನಡುವೆ ಒಂದೇ ಆವರ್ತನದಲ್ಲಿ, ಅಂದರೆ ಒಂದೇ ಎತ್ತರದ ಸ್ವರದಲ್ಲಿ, 10 ಡೆಸಿಬೆಲ್‌ನಷ್ಟು ವ್ಯತ್ಯಾಸವಿರುವುದು ಅಪರೂಪವೇನಲ್ಲ. ಎರಡು ಒಳ್ಳೆಯ ಫೋನ್‌ಗಳ ನಡುವೆ ಅದರ ಸಣ್ಣ ಪಾಲೂ ಇರುವುದಿಲ್ಲ. ಆದ್ದರಿಂದ ಹಣವನ್ನು ಮೊದಲು ಹೆಡ್‌ಫೋನಿಗೆ ತೆಗೆದಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಬೆಲೆ ಹೆಚ್ಚಿದಷ್ಟೂ ನಾದ ಚೆನ್ನಾಗಿರುತ್ತದೆ ಎಂದುಕೊಳ್ಳಬಾರದು. ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ, ಬೆಲೆಗೂ ಆವರ್ತನ ಪ್ರತಿಕ್ರಿಯೆಗೂ (ಯಾವ ಆವರ್ತನವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಎಂಬುದಕ್ಕೂ) ಸಂಬಂಧ ಕಾಣಲಿಲ್ಲವೆಂದು ಹೇಳಿತು. ಕೊಳ್ಳುವ ಮೊದಲು ನಮ್ಮ ಕಿವಿಯಿಂದಲೇ ಪರೀಕ್ಷಿಸಿ ನೋಡಬೇಕು, ಅದೂ ನಮಗೆ ಚೆನ್ನಾಗಿ ಗೊತ್ತಿರುವ ಸಂಗೀತದಿಂದ.

ನನಗೆ ತಂಬೂರಿಗಿಂತ ಒಳ್ಳೆಯ ಪರೀಕ್ಷೆ ಇನ್ನೊಂದು ಸಿಕ್ಕಿಲ್ಲ. ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯ ಮೇಲೆ ತಂತಿಯ ಅಡಿಗೆ ಸಿಕ್ಕಿಸಿದ ದಾರದಿಂದ ಮೂಲಸ್ವರದ ಮೇಲೆ ಅನೇಕ ಅನುಸ್ವರಗಳು ಅರಳುತ್ತವೆ; ಶ್ರುತಿ ಸರಿಯಾಗಿ ಕೂಡಿದಾಗ ಯಾರೂ ಮೀಟದ ಗಾಂಧಾರವೂ ಅದರೊಳಗಿಂದ ತಾನಾಗಿ ಕೇಳಿಸುತ್ತದೆ. ಬೇಸ್ ವಿಪರೀತ ಉಬ್ಬಿಸಿದ ಹೆಡ್‌ಫೋನಿನಲ್ಲಿ ಈ ಗಾಂಧಾರ ಹಿಂದೆ ಸರಿದು ತಂಬೂರಿ ಬರಿಯ ಗುಂಯ್‌ಗುಡುವಿಕೆಯಾಗಿ ಉಳಿಯುತ್ತದೆ, ಮೃದಂಗದ ಎಡಭಾಗದ ಗುಮಕಿ ತನ್ನ ಏರಿಳಿತವನ್ನು ಕಳೆದುಕೊಂಡು ಒಂದೇ ತೆರನಾದ ಸದ್ದಾಗುತ್ತದೆ. ತಾರಸ್ಥಾಯಿಯ ಕಡೆ ಉಬ್ಬಿಸಿದ್ದರೆ ತೊಂದರೆ ಬೇರೆ: ಗಾಯಕಿಯ ಸಕಾರ ಶಕಾರಗಳು ಚುಚ್ಚುತ್ತವೆ, ಪಿಟೀಲಿನ ಮೇಲಿನ ಸ್ವರಗಳು ತೆಳುವಾಗಿ ಕಿರಿಚುತ್ತವೆ. ಎರಡೂ ಇಲ್ಲದೆ, ಗಾಯನ, ಪಿಟೀಲು, ಮೃದಂಗ, ತಂಬೂರಿ ನಾಲ್ಕನ್ನೂ ಬೇಕೆಂದಾಗ ಬೇರೆ ಬೇರೆಯಾಗಿ ಹಿಂಬಾಲಿಸಲು ಸಾಧ್ಯವಾದರೆ ಆ ಹೆಡ್‌ಫೋನ್ ಸಾವಿರ ರೂಪಾಯಿಯದಾದರೂ ನಾನು ಧೈರ್ಯವಾಗಿ ಕೊಳ್ಳುತ್ತೇನೆ.

ನಮ್ಮಲ್ಲಿ ಅನೇಕರು ಪ್ರೀತಿಯಿಂದ ಕೇಳುವ ಹಳೆಯ ಧ್ವನಿಮುದ್ರಣಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. 1937ರಲ್ಲಿ ತೀರಿಕೊಂಡ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನಮಗೆ ಉಳಿದಿರುವುದು ಒಂದು ಬದಿಗೆ ಮೂರು ನಿಮಿಷವಷ್ಟೇ ಹಿಡಿಯುತ್ತಿದ್ದ 78 ಆರ್‌ಪಿಎಂ ತಟ್ಟೆಗಳಲ್ಲಿ. ಅವುಗಳಲ್ಲಿ ಮೇಲಿನ ಆವರ್ತನಗಳು ದಾಖಲಾಗಿಯೇ ಇಲ್ಲ. ಅಂತಹ ಮುದ್ರಣವನ್ನು ಹೆಚ್ಚು ವಿವರ ಹಿಡಿಯುವ 24 ಬಿಟ್ ಕಡತವಾಗಿ ಮಾರಿದರೂ ಇಲ್ಲದ ಸ್ವರ ಹುಟ್ಟುವುದಿಲ್ಲ. ಮೇಲಿನ ಸ್ವರಗಳ ಹೊಳಪು ಹೆಚ್ಚಿರುವ ಹೆಡ್‌ಫೋನಿನಲ್ಲಿ ತಟ್ಟೆಯ ಕರಕರ ಸದ್ದು ಮಾತ್ರ ಮುಂದೆ ಬರುತ್ತದೆ. ಇವಕ್ಕೆ ಮಧ್ಯಸ್ಥಾಯಿ ತುಂಬಿದ, ಮೇಲ್ಭಾಗ ಸೌಮ್ಯವಾದ ಹೆಡ್‌ಫೋನೇ ಒಪ್ಪುತ್ತದೆ.

ಕಿವಿಯೊಳಗೆ ಇಡುವ ಇಯರ್‌ಫೋನ್ ಆದರೆ ಅದರ ರಬ್ಬರ್ ಟಿಪ್ ಎಲ್ಲಕ್ಕಿಂತ ಮುಖ್ಯ. ಎಳ್ಳಷ್ಟು ಸಂದು ಉಳಿದರೂ ಬೇಸ್ ಸೋರಿಹೋಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಗಳನ್ನೂ ಹಾಕಿ ನೋಡಬೇಕು. ಎಡಗಿವಿಗೂ ಬಲಗಿವಿಗೂ ಬೇರೆ ಅಳತೆ ಬೇಕಾಗುವುದೂ ಉಂಟು. ದೊಡ್ಡ ಹೆಡ್‌ಫೋನ್ ಆದರೆ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯನ್ನು, ಗಮನಿಸಬೇಕು. ಸೆನ್‌ಹೈಸರ್ ಎಚ್‌ಡಿ 600 ಅತ್ಯುತ್ತಮ ಹೆಡ್‌ಫೋನ್, ಆದರೆ ಅದು 300 ಓಮ್‌ನದು, ಫೋನಿಗೆ ಭಾರ. ಫೋನಿನ ಸಣ್ಣ ವೋಲ್ಟೇಜ್‌ಗೆ 16ರಿಂದ 32 ಓಮ್‌ನ, ಸೂಕ್ಷ್ಮತೆ (ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) 100 ಡೆಸಿಬೆಲ್‌ಗಿಂತ ಹೆಚ್ಚಿರುವ ಹೆಡ್‌ಫೋನ್ ಸುಲಭವಾಗಿ ಹೊಂದುತ್ತದೆ.

ಇನ್ನು ಫೋನ್. 2016ರಲ್ಲಿ ಐಫೋನ್ 7 ಹೆಡ್‌ಫೋನ್ ಜ್ಯಾಕ್ ಅನ್ನು ಕೈಬಿಟ್ಟ ಮೇಲೆ ಹೆಚ್ಚಿನ ಕಂಪನಿಗಳು ಅದೇ ದಾರಿ ಹಿಡಿದವು. ಸಂಗೀತಕ್ಕೆಂದೇ ಉತ್ತಮ ಡ್ಯಾಕ್ ಇಡುತ್ತಿದ್ದ ಎಲ್‌ಜಿ 2021ರಲ್ಲಿ ಫೋನ್ ತಯಾರಿಕೆಯನ್ನೇ ನಿಲ್ಲಿಸಿದ್ದು ನನಗೆ ಇಂದಿಗೂ ಬೇಸರದ ಸಂಗತಿ. ಜ್ಯಾಕ್ ಇಲ್ಲದ ಫೋನಿಗೆ ಟೈಪ್ ಸಿ ಅಡಾಪ್ಟರ್ ಕೊಳ್ಳುವಾಗ ಅದರೊಳಗೆ ಡ್ಯಾಕ್ ಇದೆಯೇ ಎಂದು ನೋಡಲೇಬೇಕು. ಡ್ಯಾಕ್ ಇಲ್ಲದ ಅಗ್ಗದ ಅಡಾಪ್ಟರ್, ಟೈಪ್ ಸಿ ಕಿಂಡಿಯಿಂದ ಅನಲಾಗ್ ಸಿಗ್ನಲ್ (ಆಗಲೇ ವಿದ್ಯುತ್ ಅಲೆಯಾಗಿ ಬದಲಾದ ನಾದ) ಹೊರಡಿಸುವ ಕೆಲವೇ ಫೋನ್‌ಗಳಲ್ಲಿ ಕೆಲಸ ಮಾಡುತ್ತದೆ. ಡ್ಯಾಕ್ ಇರುವುದನ್ನು ತಂದುಕೊಂಡರೆ ಮುಂದೆ ಫೋನ್ ಬದಲಾದರೂ ನಾದದ ಗುಣಮಟ್ಟ ನಮ್ಮ ಜೊತೆಗೇ ಬರುತ್ತದೆ.

ಬ್ಲೂಟೂತ್ ಬಯಸುವವರು ಫೋನ್ ಮತ್ತು ಹೆಡ್‌ಫೋನ್ ಎರಡರಲ್ಲೂ ಒಂದೇ ಕೋಡೆಕ್ (ನಾದವನ್ನು ಕುಗ್ಗಿಸಿ ಕಳಿಸುವ ವಿಧಾನ) ಇದೆಯೇ ಎಂದು ನೋಡಬೇಕು. ಸಿಡಿಯ ದತ್ತಾಂಶ ಸೆಕೆಂಡಿಗೆ 1,411 ಕಿಲೋಬಿಟ್; ಸೋನಿಯ ಎಲ್‌ಡ್ಯಾಕ್ ಎಂಬ ಕೋಡೆಕ್ ಗರಿಷ್ಠ 990 ಸಾಗಿಸುತ್ತದೆ, ಸಿಗ್ನಲ್ ದುರ್ಬಲವಾದಾಗ 330ಕ್ಕೆ ಇಳಿಯುತ್ತದೆ. ಐಫೋನ್‌ಗಳಲ್ಲಿ ಎಲ್‌ಡ್ಯಾಕ್ ಇಲ್ಲ, ಎಎಸಿ ಎಂಬ ಇನ್ನೊಂದು ಕೋಡೆಕ್ ಇದೆ. ಎಎಸಿ ಚೆನ್ನಾಗಿಯೇ ಕೇಳಿಸುತ್ತದೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಕೇಳುವವರಿಗಂತೂ ಕೋಡೆಕ್‌ಗಿಂತ ಹೊರಗಿನ ಗದ್ದಲವನ್ನು ತಡೆಯುವ ಶಕ್ತಿ ಹೆಚ್ಚು ಮುಖ್ಯ. ಗದ್ದಲವನ್ನು ಮೀರಲು ವಾಲ್ಯೂಮ್ ಏರಿಸುತ್ತ ಹೋಗುವುದು ಅಪಾಯಕರ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ, 90ರಲ್ಲಿ ಅದು 4 ಗಂಟೆಗೆ ಇಳಿಯುತ್ತದೆ. ಕೆಟ್ಟ ಕಿವಿ ಮರಳಿ ಬಾರದು.

ನಾನು ತಂತಿಯ ಇಯರ್‌ಫೋನಿನ ಪಕ್ಷಪಾತಿ, ಮತ್ತು ಅದಕ್ಕೆ ನಾದದಷ್ಟೇ ಬಾಳಿಕೆಯೂ ಕಾರಣ. ತಂತಿಯಿಲ್ಲದ ಇಯರ್‌ಬಡ್‌ಗಳ ಪುಟ್ಟ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಬಹುತೇಕ ಮಾದರಿಗಳಲ್ಲಿ ಅದನ್ನು ಬದಲಿಸಲಾಗದು. ತಂತಿಯನ್ನು ಬಿಡಿಸಬಹುದಾದ ಎರಡು ಪಿನ್ನಿನ ಇಯರ್‌ಫೋನ್ ಆದರೆ, ತಂತಿ ಹಾಳಾದಾಗ ತಂತಿಯೊಂದನ್ನೇ ಕೊಂಡರೆ ಸಾಕು.