ಮುದ್ದೇನಹಳ್ಳಿಗೆ ಹೊರಟವರಿಗೆ: ಮನೆ ಮೊದಲು, ಬೆಟ್ಟ ಆಮೇಲೆ

ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಮುಗಿಸಿ, ಹಾಗೆಯೇ ಸರ್ ಎಂ. ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿಯನ್ನೂ ನೋಡಿಬಿಡೋಣ ಎಂದುಕೊಂಡಿದ್ದರೆ ಬೇಡ. ನಾವಿದ್ದ ಬಸ್ಸು ಬೆಟ್ಟದ ಬುಡದಲ್ಲಿ ಕಾರುಗಳ ನಡುವೆ ಸಿಕ್ಕಿಬಿದ್ದು, ಸೂರ್ಯೋದಯವನ್ನು ಮುಂದಿನ ಕಾರಿನ ಹಿಂಬದಿ ಗಾಜಿನಲ್ಲಿ ನೋಡಿದೆವು. ಮೇಲಿನ ಗದ್ದಲದ ಬಗ್ಗೆ ಬರೆಯುವ ಮನಸ್ಸಿಲ್ಲ.

ಚಿಕ್ಕಬಳ್ಳಾಪುರಕ್ಕೆ ಬಂದು ಆಟೊ ಹಿಡಿದೆ. ಏಳೆಂಟು ಕಿಲೋಮೀಟರಿಗೆ ನಾನೂರು ರೂಪಾಯಿ! "ವಾಪಸ್ ಖಾಲಿ ಬರಬೇಕಲ್ಲ ಮೇಡಂ" ಎಂಬ ವಾದ ಬೇರೆ. ಹಿಂದಿರುಗುವಾಗ ಸರ್ಕಾರಿ ಬಸ್ಸು ಸಿಕ್ಕಿತು. ನನಗೂ ಮಗಳಿಗೂ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್. ಆಧಾರ್ ಕಾರ್ಡ್ ಮರೆಯದಿರಿ, ಆಟೊದವರ ಕಡೆ ತಿರುಗುವ ಮೊದಲು ನಿಲ್ದಾಣದ ಒಳಗೆ ವಿಚಾರಿಸಿ.

ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದವರು, ಕನ್ನಂಬಾಡಿ ಕಟ್ಟೆಗೆ ಹೆಸರಾದವರು. ಅಂಥವರ ಮನೆಯೆಂದರೆ ಭವ್ಯವಾಗಿರಬಹುದು ಎಂದು ಮಗಳು ಎಣಿಸಿದ್ದಳು. ಒಳಗೆ ಕಾಲಿಡುತ್ತಲೇ ಅವಳು ಹುಡುಕಿದ್ದು ಎರಡು ಮೇಣದಬತ್ತಿಗಳನ್ನು. ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಎಂಬ ಕಥೆ ಶಾಲೆಯಲ್ಲಿ ಕೇಳಿದ್ದಾಳಲ್ಲ! ಅವು ಸಿಗಲಿಲ್ಲ. ಬದಲಿಗೆ ಹೆಸರಿನ ಮುಂದಿನ 'ಎಂ' ಏನು ಎಂದು ಕೇಳಿದಳು. ಮೋಕ್ಷಗುಂಡಂ, ಹಿರಿಯರು ವಲಸೆ ಬಂದ ಆಂಧ್ರದ ಊರು ಎಂದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಎಳೆಯನಿದ್ದಾಗಲೇ ತೀರಿಕೊಂಡರು. ಹುಡುಗ ಚಿಕ್ಕಬಳ್ಳಾಪುರದಲ್ಲಿ ಕಲಿತು, ಬೆಂಗಳೂರಿನಲ್ಲಿ ಪಾಠ ಹೇಳಿಕೊಟ್ಟು ಸಂಪಾದಿಸುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದ. 1955ರಲ್ಲಿ ಭಾರತರತ್ನ, 1962ರಲ್ಲಿ ತೀರಿಕೊಂಡಾಗ ಅವರನ್ನು ಕರೆತಂದದ್ದು ಇದೇ ಊರಿಗೆ. ಸಮಾಧಿ ಹತ್ತಿರದಲ್ಲೇ ಇದೆ. ಅಲ್ಲಿ ಕುಳಿತರೆ ಬೆಳಗ್ಗೆ ಕಾಡಿದ ಅದೇ ಬೆಟ್ಟ ದೂರದಲ್ಲಿ ಎಷ್ಟು ಸಾಧುವಾಗಿ ಕಾಣುತ್ತದೆ! ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನ, ಜನ ಸೇರುತ್ತಾರೆ. ಗದ್ದಲ ಆಗದವರು ಆ ದಿನ ತಪ್ಪಿಸಿ.

ಊಟದ ವಿಷಯ ಹೇಳಲೇಬೇಕು. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೋರ್ಡೇ ಇಲ್ಲದ ಒಂದು ಹೋಟೆಲಿದೆ. ನಾಲ್ಕು ಬೆಂಚು, ಒಂದು ಒಲೆ. ಬಿಸಿ ರಾಗಿ ಮುದ್ದೆ, ಸೊಪ್ಪು ಕಾಳು ಬಸಿದು ಮಾಡಿದ ಬಸ್ಸಾರು, ಆ ಸೊಪ್ಪು ಕಾಳಿನದೇ ಪಲ್ಯ, ಹುಚ್ಚೆಳ್ಳು ಚಟ್ನಿ. ಬಡಿಸುವ ಅಜ್ಜಿ ಮಗಳ ತಟ್ಟೆ ನೋಡಿ, "ಮುದ್ದೆ ಅಗಿಯಬಾರದು ಕಣವ್ವ, ನುಂಗಬೇಕು" ಎಂದು ಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ತೋರಿಸಿದರು. ಎರಡನೆಯ ಸಲ ಸಾರು ಕೇಳಿದ್ದಕ್ಕೆ ಹಣ ಹಿಡಿಯಲಿಲ್ಲ. ಇಬ್ಬರಿಗೂ ಸೇರಿ ನೂರಿಪ್ಪತ್ತು ರೂಪಾಯಿ. ಎರಡು ಗಂಟೆ ದಾಟಿದರೆ ಬಸ್ಸಾರು ಮುಗಿದು ಬರಿಯ ತಿಳಿಸಾರು ಉಳಿದಿರುತ್ತದೆಯಂತೆ.